ರಾಹೇಲಮ್ಮ ಇಳಿಸಿಹೋದದ್ದು

ಸೂಕ್ಷ್ಮದರ್ಶಕದ ಕೆಳಗೆ ಏನೂ ಇರಲಿಲ್ಲ. ಆದರೂ ಜಯಶೀಲ ಕಣ್ಣು ತೆಗೆಯಲಿಲ್ಲ. ಮೊಟ್ಟೆಯಿಟ್ಟು ಮುಗಿಸಿದ ತಾಯಿ ಚಿಟ್ಟೆಯನ್ನು ಅರೆದು, ಆ ರಸದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಅದರಲ್ಲಿ ಗಂಟುರೋಗದ ಕಣಗಳಿವೆಯೇ ಎಂದು ಹುಡುಕುವುದು ಕೊಳ್ಳೇಗಾಲದ ಆ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಅವನ ಕೆಲಸ. ಕಣ ಸಿಕ್ಕರೆ ಆ ತಾಯಿಯ ಮೊಟ್ಟೆಗಳನ್ನೆಲ್ಲ ಸುಡಬೇಕು. ಹೊರಗಿನಿಂದ ನೋಡಿದರೆ ರೋಗವಿದ್ದ ಚಿಟ್ಟೆಗೂ ಇಲ್ಲದ ಚಿಟ್ಟೆಗೂ ವ್ಯತ್ಯಾಸ ಕಾಣುವುದಿಲ್ಲ. ತಾಯಿ ತನಗೇ ತಿಳಿಯದಂತೆ ಅದನ್ನು ಮೊಟ್ಟೆಯೊಳಕ್ಕೆ ದಾಟಿಸಿರುತ್ತದೆ. ಕಣ ಅಂಡಾಕಾರ, ಅಕ್ಕಿಯ ನುಚ್ಚಿನ ಹಾಗೆ ಹೊಳೆಯುತ್ತದೆ, ನಿಂತಲ್ಲೇ ನಡುಗುತ್ತದೆ. ಕೊಬ್ಬಿನ ಹನಿಯೂ ಹೊಳೆಯುತ್ತದೆ, ಆದರೆ ಅದು ದುಂಡಗೆ. ಒಂದನ್ನು ಇನ್ನೊಂದೆಂದು ತಿಳಿಯುವ ಕಣ್ಣು ಅವನದಲ್ಲ. ಈಚೆಗೆ ಮಾತ್ರ, ಏನೂ ಇಲ್ಲದ ಗಾಜನ್ನು ನೋಡಿ 'ಇಲ್ಲ' ಎಂದು ಬರೆಯುವುದಕ್ಕೆ ಅವನ ಕೈ ಹಿಂಜರಿಯುತ್ತಿತ್ತು. ಗಾಜನ್ನು ಸರಿಸಿ ಇನ್ನೊಂದು ಮೂಲೆ ನೋಡುತ್ತಿದ್ದ, ಆಮೇಲೆ ಮತ್ತೊಂದು ಮೂಲೆ. ಇಲ್ಲದಿರುವುದು ಬೇರೆ, ನನಗೆ ಕಾಣದಿರುವುದು ಬೇರೆ ಎಂಬ ಯೋಚನೆ, ಕಾಲೇಜಿನಲ್ಲಿ ಓದುವಾಗ ಬುದ್ಧಿವಂತಿಕೆಯಂತೆ ಕಂಡದ್ದು, ಈಗ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಕಾಡುತ್ತಿತ್ತು. ಪಕ್ಕದ ಮೇಜಿನಿಂದ ಶಾಂತಮೂರ್ತಿ ನಕ್ಕ. "ಏನ್ ಸಾ, ಆ ಚಿಟ್ಟೆ ತಾವ ಸಾಕ್ಷಿ ಕೇಳ್ತಿದ್ದೀರಾ? ಸತ್ತೋಗದೆ ಬುಡಿ, ಅದಿನ್ನೇನ್ ಯೋಳದು."

ಸತ್ತದ್ದು ಏನನ್ನೂ ಹೇಳುವುದಿಲ್ಲ. ರಾಹೇಲಮ್ಮ ಅವನ ಮನೆಗೆ ಬಂದಾಗ ಬದುಕಿದ್ದಳು, ಆಗಲೂ ಹೇಳಲಿಲ್ಲ. ಚರ್ಚಿನಲ್ಲಿ ಭಕ್ತಿಗೆ ಹೊಸ ಜೀವ ತುಂಬುವ ಉಜ್ಜೀವನ ಕೂಟ ಶುರುವಾಗಿ ಇನ್ನೂ ಹೊಸತು. ಬೆಳಿಗ್ಗೆ ಅವನು ಸ್ಕೂಟರ್ ಒರೆಸುತ್ತಿದ್ದಾಗ ಗೇಟಿನ ಹತ್ತಿರ ನಿಂತಿದ್ದಳು, ಬಿಳಿ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಚರ್ಚಿಗೆ ಬರುವ ಹಾಗೆ. ಯಳಂದೂರಿನ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದು ನಿವೃತ್ತಳಾದ ಮೇಲೆ ಕೊಳ್ಳೇಗಾಲಕ್ಕೇ ಬಂದು ನೆಲೆಸಿದವಳು, ಸಭೆಯಲ್ಲಿ ಬಲಗಡೆಯ ಕಿಟಕಿಯ ಪಕ್ಕದ ಬೆಂಚು ಆಕೆಯದು. ಆಕೆಯ ಮನಸ್ಸಿನ ಬಗ್ಗೆ ತನಗೇನೂ ಗೊತ್ತಿಲ್ಲವೆಂದು ಆ ಕ್ಷಣದಲ್ಲಿ ಅವನಿಗೆ ಹೊಳೆದಿರಲಿಲ್ಲ. ಒಳಗೆ ಕರೆದರೆ ಬಂದಳು, ಕೂರಲಿಲ್ಲ. ಅಡುಗೆಮನೆಯಲ್ಲಿ ಹೆಂಡತಿ ಎಸ್ತೇರ ಕಾಫಿಗೆ ನೀರಿಟ್ಟಳು. ರಾಹೇಲಮ್ಮನ ತುಟಿ ಸ್ವಲ್ಪ ಹೊತ್ತು ಶಬ್ದವಿಲ್ಲದೆ ಆಡಿತು. ಪ್ರಾರ್ಥನೆ ಮಾಡಿಕೊಳ್ಳುತ್ತಿದ್ದಾಳೆಂದುಕೊಂಡು ಅವನೂ ತಲೆ ಬಾಗಿಸಿದ. "ಜಯಣ್ಣ, ಕ್ಷಮಿಸ್ಬುಡಪ್ಪ ನನ್ನ," ಎಂದಳು. "ನಿನ್ ಮೇಲೆ ದ್ವೇಷ ಇಟ್ಕಂಡಿದ್ದೆ. ಬೋ ವರ್ಷದಿಂದ. ನೆನ್ನೆ ಕೂಟದಲ್ಲಿ ಕರ್ತ ನನ್ ಕೈಲಿ ಅದ ತಗಸ್ಬುಟ್ಟ." ಅವನಿಗೆ ಮೊದಲು ನಗು ಬಂತು. ಬೇರೆ ಯಾರ ಮನೆಗೋ ಹೋಗಬೇಕಾದವಳು ತಪ್ಪಿ ಇಲ್ಲಿಗೆ ಬಂದಿರಬೇಕು. "ನನ್ನ ಮೇಲಾ? ಯಾಕಮ್ಮ? ನಾನೇನು ಮಾಡಿದೆ?" ಎಂದ. "ಅದ ಯೋಳಬಾರ್ದಂತಲ್ಲಪ್ಪ. ಕಾರಣ ಯೋಳುದ್ರೆ ತಿರ್ಗಾ ನಿಂದೇ ತಪ್ಪು ಅಂದಂಗಾಯ್ತದಂತೆ. ನನ್ ಪಾಪ ನನ್ದು. ಕ್ಷಮಿಸಿದ್ದೀನಿ ಅಂದ್ಬುಡು, ಓಯ್ತೀನಿ." ಅವನು ಅಂದ. ಇನ್ನೇನು ಮಾಡಬಹುದಿತ್ತು? ಆಕೆಯ ಮುಖ ಒಗೆದು ಒಣಗಿಸಿದ ಬಟ್ಟೆಯ ಹಾಗೆ ಹಗುರಾಯಿತು. ಕಾಫಿ ಕುಡಿದಳು, ಎಸ್ತೇರಳ ಮಂಡಿನೋವಿಗೆ ಎಣ್ಣೆ ಹೇಳಿಕೊಟ್ಟಳು, ಗೇಟನ್ನು ತಾನೇ ಹಾಕಿಕೊಂಡು ಹೋದಳು. ಮುಂದಿನ ವಾರ ನಿದ್ದೆಯಲ್ಲೇ ತೀರಿಕೊಂಡಳು.

ಕಾರಣ ಹೇಳಬಾರದೆಂಬುದು ಸಭೆಯ ಪಾದ್ರಿ ಅಯ್ಯನವರ ಕಟ್ಟಳೆ. ಹೊಸದಾಗಿ ಬಂದ ಈ ಅಯ್ಯನವರು ವಯಸ್ಸಿನಲ್ಲಿ ಚಿಕ್ಕವರು, ಕೂಗಾಡಿ ಪ್ರಸಂಗ ಮಾಡುವವರಲ್ಲ. ಉಜ್ಜೀವನ ಎಂದರೆ ಮೇಲಿನಿಂದ ಏನೋ ಹೊಸತು ಇಳಿದು ಬರುವುದಲ್ಲ, ಎಂದಿದ್ದರು ಮೊದಲನೆಯ ದಿನ. ಜೀವ ಸಭೆಯಲ್ಲಿ ಇದ್ದೇ ಇದೆ, ಹರಿಯದೆ ನಿಂತಿದೆ. ನಿಮ್ಮ ನಾಲೆಗಳನ್ನು ನೋಡಿ. ಮೇಲೆ ನೀರು ಬಿಟ್ಟಿದ್ದಾರೆ, ಕೆಳಗಿನ ಗದ್ದೆ ಒಣಗಿದೆ. ನಡುವೆ ಯಾರೋ ಒಬ್ಬರ ಜಮೀನಿನ ಎದುರು ಒಂದು ಕಲ್ಲು ಬಿದ್ದಿದೆ. ಒಬ್ಬರ ಕಲ್ಲು ಸಾಕು. ಆ ಕಲ್ಲನ್ನು ತೆಗೆಯಲು ಎದ್ದು ಹೋಗಿ. ಯಾರ ಮೇಲೆ ಮನಸ್ಸಿನಲ್ಲಿ ಕಹಿ ಇದೆಯೋ ಅವರ ಬಾಗಿಲಿಗೆ ಹೋಗಿ ಕ್ಷಮೆ ಕೇಳಿ. ಆದರೆ ಅವರೇನು ಮಾಡಿದ್ದರೆಂದು ಬಾಯಿ ಬಿಡಬೇಡಿ, ಬಿಟ್ಟರೆ ಅದು ಕ್ಷಮೆಯಲ್ಲ, ದೂರು. ಕೇಳಿದಾಗ ಜಯಶೀಲನಿಗೆ ಆ ತರ್ಕ ಹಿಡಿಸಿತ್ತು. ಸಭೆಯ ಹಿರಿಯರಲ್ಲಿ ಒಬ್ಬನಾಗಿ, ಹಾಡುಗಳಿಗೆ ಕೀಬೋರ್ಡ್ ನುಡಿಸುವವನಾಗಿ, ಅವನು ಎದುರಿನಿಂದ ಎಲ್ಲರ ಮುಖ ನೋಡಬಲ್ಲವನಾಗಿದ್ದ. ಮಾರನೆಯ ದಿನದಿಂದಲೇ ಆ ಮುಖಗಳು ಬದಲಾಗತೊಡಗಿದ್ದನ್ನು ಕಣ್ಣಾರೆ ಕಂಡ. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ಹಾಡಿನ ಪುಸ್ತಕ ಹಿಡಿದು ನಿಂತರು. ಅತ್ತೆ ಸೊಸೆಯ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಅದು ಸುಳ್ಳಾಗಿರಲಿಲ್ಲ, ಅದನ್ನು ಅವನು ಯಾರ ಎದುರು ಬೇಕಾದರೂ ಹೇಳುತ್ತಿದ್ದ. ಆದರೆ ಕ್ಷಮೆ ಕೇಳಿಸಿಕೊಂಡವರ ಮುಖವನ್ನು ಯಾರಾದರೂ ನೋಡಿದ್ದರೇ? ತಾವು ದ್ವೇಷಕ್ಕೆ ಗುರಿಯಾಗಿದ್ದೆವೆಂದೇ ತಿಳಿಯದೆ ಬೆಳಿಗ್ಗೆ ಸ್ಕೂಟರ್ ಒರೆಸುತ್ತಿದ್ದವರ ಮುಖವನ್ನು? ರಾಹೇಲಮ್ಮ ತನ್ನ ಹೊರೆಯನ್ನು ಇಳಿಸಿದಳು, ಸರಿ. ಇಳಿಸಿದ್ದು ಅವನ ಮನೆಯ ನಡುಮನೆಯಲ್ಲಿ. ಅದು ಅಲ್ಲಿಯೇ ಇತ್ತು. ಊಟಕ್ಕೆ ಕೂತಾಗ ಅದನ್ನು ಬಳಸಿಕೊಂಡು ಹೋಗಬೇಕಾಗುತ್ತಿತ್ತು. "ಅವರು ಹಗುರಾಗಿ ಹೋದ್ರಲ್ರೀ, ನೀವ್ಯಾಕೆ ಹೊತ್ಕೊಂಡು ಕೂತಿದ್ದೀರಿ?" ಎಂದಿದ್ದಳು ಎಸ್ತೇರ. "ಹೊತ್ಕೊಂಡಿಲ್ಲ. ಯಾಕೆ ಅಂತ ಗೊತ್ತಾದರೆ ಸಾಕು." "ಗೊತ್ತಾಗಿ?"

ಇಂದು ಶನಿವಾರ, ಸಂಜೆ ಕೊನೆಯ ಕೂಟ, ನಾಳೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನ. ಕೂಟದಲ್ಲಿ ರಾಹೇಲಮ್ಮನನ್ನು ನೆನೆಯಬೇಕೆಂದು, ಉಜ್ಜೀವನದ ಮೊದಲ ಫಲವೆಂದರೆ ಆಕೆಯ ಸಮಾಧಾನದ ಸಾವೇ ಎಂದು ಅಯ್ಯನವರು ಹೇಳಿ, ಕೌದಳ್ಳಿಯಲ್ಲಿರುವ ಮಗಳು ಸುಗುಣಳನ್ನು ಯಾರಾದರೂ ಖುದ್ದಾಗಿ ಕರೆಯಬೇಕೆಂದಾಗ ಜಯಶೀಲ ತಾನೇ ಹೋಗುತ್ತೇನೆಂದ. ಅಯ್ಯನವರು ಅವನ ಕೈ ಹಿಡಿದುಕೊಂಡರು. ಅವನ ಸುಸ್ತಾದ ಮುಖದಲ್ಲಿ ಅವರಿಗೆ ಏನು ಕಂಡಿತೋ. "ಹಿರಿಯರೇ, ಎಲ್ಲೋ ಇನ್ನೂ ಒಂದು ತಡೆ ಇದೆ ಅನಿಸ್ತಿದೆ ನನಗೆ. ಯಾರಲ್ಲೋ ಗೊತ್ತಿಲ್ಲ. ಪ್ರಾರ್ಥನೆ ಮಾಡಿ," ಎಂದರು. ಮಧ್ಯಾಹ್ನ ರಜೆ ಹಾಕಿ, ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸು ಹತ್ತಿದಾಗಲೂ ಆ ಹಿಡಿತದ ಬೆವರು ಅಂಗೈಯಲ್ಲಿ ಇದ್ದಂತಿತ್ತು. ಬಸ್ಸಿನ ತುಂಬ ಬೆಟ್ಟಕ್ಕೆ ಹೊರಟವರು. ಹನೂರು ದಾಟುವಾಗ ಹಿಂದಿನ ಸೀಟಿನಿಂದ ಒಬ್ಬ ಮಾದಪ್ಪನಿಗೆ ಉಘೇ ಎಂದು ಕೂಗಿದ, ಇಡೀ ಬಸ್ಸು ಓಗೊಟ್ಟಿತು. ಡ್ರೈವರನ ಬೆನ್ನೂ ಸ್ವಲ್ಪ ನೆಟ್ಟಗಾಯಿತು. ಜಯಶೀಲ ಕಿಟಕಿಯ ಕಂಬಿ ಹಿಡಿದು ಕಾರಣಗಳನ್ನು ಒಂದೊಂದಾಗಿ ಗಾಜಿನ ಕೆಳಗಿಟ್ಟು ನೋಡತೊಡಗಿದ. ರಾಹೇಲಮ್ಮನ ಗಂಡನ ಮಣ್ಣಿಗೆ ಅವನು ತಡವಾಗಿ ಹೋಗಿದ್ದ. ದುಂಡಗಿನ ಹನಿ, ಅದಲ್ಲ. ಒಂದು ಕ್ರಿಸ್ಮಸ್ ಊಟದಲ್ಲಿ ಆಕೆಯ ಎಲೆಯನ್ನು ದಾಟಿ ಬಡಿಸುತ್ತಾ ಹೋಗಿದ್ದ. ಆಮೇಲೆ ತಿರುಗಿ ಬಂದು ಬಡಿಸಿದ್ದ, ಅಲ್ಲವೇ? ಅದೂ ಅಲ್ಲ. ಉಳಿದದ್ದು ಒಂದೇ, ಅದನ್ನೇ ಅವನು ಇಷ್ಟು ದಿನ ಮೂಲೆಗೆ ಸರಿಸಿ ಸರಿಸಿ ಇಟ್ಟಿದ್ದು.

ಸುಗುಣ ಕೌದಳ್ಳಿಯ ರಾಜಣ್ಣನನ್ನು, ಒಕ್ಕಲುತನದ ಹಿಂದೂ ಮನೆಯ ಹುಡುಗನನ್ನು, ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದಾಗ ಹಿರಿಯರ ಕಮಿಟಿ ಕೂತು ಆಕೆಯನ್ನು ಪ್ರಭುಭೋಜನದಿಂದ ಹೊರಗಿಟ್ಟಿತ್ತು. ಜಯಶೀಲನಿಗೆ ಅದು ಸರಿಯೆನಿಸಿರಲಿಲ್ಲ. ಸರಿಯಲ್ಲವೆಂದು ಹೇಳುವ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೂ ಇದ್ದ. ಆದರೆ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನಿನ ಒಂದು ರೆಕ್ಕೆ ಉಳಿದವಕ್ಕಿಂತ ಕೆಳಗೆ ಬಾಗಿದೆಯಲ್ಲ ಎಂದು ನೋಡುತ್ತ ಕೂತುಬಿಟ್ಟ, ಅಷ್ಟರಲ್ಲಿ ಎಲ್ಲರೂ ಕೈ ಎತ್ತಿ ಇಳಿಸಿಯೂ ಆಗಿತ್ತು. ಹೊರಗೆ ಬೇವಿನ ಮರದ ಕೆಳಗೆ ರಾಹೇಲಮ್ಮ ಕಾದಿದ್ದಳು. ಅವನು ಸ್ಕೂಟರನ್ನು ಇನ್ನೊಂದು ಗೇಟಿನಿಂದ ಹೊರಡಿಸಿದ್ದ. ಅದೇ. ಇನ್ನೇನು? ಹೆತ್ತ ಮಗಳನ್ನು ಮೇಜಿನಿಂದ ಎಬ್ಬಿಸಿದವರಲ್ಲಿ ಒಬ್ಬನನ್ನು ಒಬ್ಬ ತಾಯಿ ದ್ವೇಷಿಸದೆ ಇರುತ್ತಾಳೆಯೇ? ಕಾರಣ ಇಷ್ಟು ದೊಡ್ಡದಾಗಿರುವುದು ಅವನಿಗೆ ಒಂದು ಬಗೆಯ ನೆಮ್ಮದಿಯನ್ನೇ ಕೊಟ್ಟಿತು. ಆ ನೆಮ್ಮದಿಯ ಬಗ್ಗೆ ನಾಚಿಕೆಯಾಯಿತು. ಸುಗುಣಳನ್ನು ಕೇಳಿಬಿಡಬೇಕು: ನಿನ್ನ ತಾಯಿ ನನ್ನನ್ನು ದ್ವೇಷಿಸಿದ್ದು ಅದಕ್ಕೇ ತಾನೇ? ಹೌದು ಎನ್ನುತ್ತಾಳೆ. ತಾನು ಅಲ್ಲೇ ಕ್ಷಮೆ ಕೇಳುತ್ತೇನೆ. ಸಂಜೆ ಕೂಟದಲ್ಲಿ ತನ್ನಲ್ಲಿಯೂ ಏನಾದರೂ ಹರಿಯಬಹುದು. "ನೀವೂ ಬೆಟ್ಟಕಾ?" ಎಂದಳು ಪಕ್ಕದ ಸೀಟಿನ ಮುದುಕಿ, ಹಣೆಯ ತುಂಬ ವಿಭೂತಿ. "ಇಲ್ಲಮ್ಮ, ಕೌದಳ್ಳಿಗೆ." "ಅಯ್ ಶಿವನೇ, ಇಷ್ಟ್ ದೂರ ಬಂದು ಅಲ್ಲೇ ಇಳ್ಕಂಡೀರಾ? ಇನ್ನೊಂದೀಟು ಮುಂದ್ಕೋದ್ರೆ ಅವನೇ ಸಿಕ್ತನಲ್ಲಪ್ಪ." ಅವನು ನಕ್ಕು ಇಳಿದ. ಬಸ್ಸು ಹೋದ ಮೇಲೂ ಆ ಉಘೇ ಸ್ವಲ್ಪ ಹೊತ್ತು ರಸ್ತೆಯ ಮೇಲೆ ಉಳಿದಿತ್ತು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬ್ಲೌಸ್ ಹೊಲಿಯುವ ಸುಗುಣಳ ಮನೆ ಯಾರಿಗೂ ಗೊತ್ತು. ಜಗುಲಿಯ ಮೇಲೆ ಆಕೆಯ ಅತ್ತೆ ಚಿಕ್ಕನಿಂಗಮ್ಮ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೊಳ್ಳೇಗಾಲದಿಂದ ಬಂದಿದ್ದೇನೆ, ಚರ್ಚಿನವನು ಎಂದಾಗ ಕಾಲು ಮಡಚಿಕೊಂಡಳು. "ಓ, ನಮ್ ಬೀಗ್ತಿ ಕಡೇರು. ಬನ್ನಿ ಸಾ, ಕೂತ್ಕಳಿ. ಸುಗುಣೀ, ನಿಮ್ಮೋರ್ ಬಂದವ್ರೆ ನೋಡು." ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಮುದುಕಿ ಹುಳಿಯಂಟಿದ ಬೆರಳುಗಳನ್ನು ನೆಕ್ಕಿ, ಗುಟ್ಟು ಹೇಳುವವಳಂತೆ ಬಾಗಿದಳು, ಧ್ವನಿ ಮಾತ್ರ ತಗ್ಗಲಿಲ್ಲ. "ಸಾಯಕೆ ಮುಂಚೆ ನನ್ ತಾವ್ಕೂ ಬಂದಿದ್ಳು ಕಣ್ ಸಾ, ಆಯಮ್ಮ. ನಿಂತ್ಕಂಡು ಕೈ ಮುಗುದ್ಳು. 'ನಿಮ್ ಬಗ್ಗೆ ಕೆಟ್ಟದ್ ಅನ್ಕಂಡಿದ್ದೆ ಬೀಗ್ತಿ, ಕ್ಷಮಿಸಿ' ಅಂದ್ಳು. ನಾನಂದೆ, ಅಯ್ ಬಾರವ್ವ, ನಾನೇನ್ ಕಮ್ಮಿ ಅನ್ಕಂಡಿದ್ನಾ ನಿನ್ ಬಗ್ಗೆ? ಸೊಸೆ ಸಾರ್ ಕೆಡಿಸ್ದಾಗೆಲ್ಲ ಅವರವ್ವನ್ನೇ ಬೈದಿವ್ನಿ. ಕೂತ್ಕ, ಹಿಟ್ಟುಣ್ಣು ಅಂದೆ. ಉಂಡ್ಳು. ಇನ್ನೊಂದ್ ಮುದ್ದೆ ಆಕಿಸ್ಕಂಡೇ ಉಂಡ್ಳು." ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿದಳು. ಜಯಶೀಲನಿಗೆ ಹೊಟ್ಟೆಕಿಚ್ಚಾಯಿತು. ಈ ಮುದುಕಿಯ ಮನೆಯಲ್ಲಿ ರಾಹೇಲಮ್ಮ ಇಳಿಸಿದ್ದನ್ನು ಅಂದೇ, ಊಟದ ಜೊತೆಗೇ, ಖರ್ಚು ಮಾಡಿಬಿಟ್ಟಿದ್ದರು.

ಸುಗುಣ ಟೀ ತಂದಳು. ತಾಯಿಯ ಅದೇ ಅಗಲವಾದ ಹಣೆ, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೆಯೇ ನೇತಾಡುತ್ತಿತ್ತು. ಅವನು ಬಂದ ವಿಷಯ ಹೇಳಿದ. ಸಂಜೆಯ ಕೂಟ, ತಾಯಿಯ ಸ್ಮರಣೆ. ಆಕೆ ತಲೆಯಾಡಿಸಿದಳು, ಬರುತ್ತೇನೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಚಿಕ್ಕನಿಂಗಮ್ಮ ಬೀಜ ತುಂಬಿದ ಮೊರವನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಈಗ ಕೇಳಬೇಕು ಎಂದುಕೊಂಡ. ವಾಕ್ಯ ಸಿದ್ಧವಿತ್ತು. "ಸುಗುಣಮ್ಮ, ಆವತ್ತು ಕಮಿಟಿಯಲ್ಲಿ ನಿಮ್ಮ ವಿಷಯ ಬಂದಾಗ ನಾನು..." ಅಷ್ಟರಲ್ಲಿ ಆಕೆ ತಡೆದಳು. "ಗೊತ್ತು ಅಣ್ಣ. ನೀವೊಬ್ರೇ ಕೈ ಎತ್ತಲಿಲ್ವಂತಲ್ಲ. ಯಾರೋ ಅವ್ವಂಗೆ ಹೇಳಿದ್ರು. 'ಎಲ್ರೂ ನಿನ್ನ ದೂಡುದ್ರು ಕಣವ್ವ, ಜಯಣ್ಣ ಒಬ್ಬ ಮಾತ್ರ ಸುಮ್ನೆ ಕೂತಿದ್ನಂತೆ' ಅಂತ ಎಷ್ಟ್ ಸಲ ಹೇಳಿದಾಳೆ. ಆ ವಿಷ್ಯಕ್ಕೆ ನಿಮ್ಮನ್ನ ನೆನೆಸ್ಕೊಳ್ಳೋಳು." ಟೀ ನಾಲಿಗೆ ಸುಟ್ಟಿತು. ಅವನ ಹೇಡಿತನ ಆ ಮನೆಯಲ್ಲಿ ಇಷ್ಟು ವರ್ಷ ಒಳ್ಳೆಯತನವಾಗಿ ಬದುಕಿತ್ತು. ಹಾಗಾದರೆ ಕಾರಣ ಅದಲ್ಲ. ಗಾಜು ಮತ್ತೆ ಖಾಲಿಯಾಯಿತು, ಮೊದಲಿಗಿಂತ ಹೆಚ್ಚು ಖಾಲಿ.

"ಅಣ್ಣ, ನಾನೊಂದ್ ಕೇಳಲಾ?" ಸುಗುಣ ಬಾಗಿಲ ಚೌಕಟ್ಟಿಗೆ ಒರಗಿದ್ದಳು. "ಅವ್ವ ಎಲ್ಲಾರ್ ಮನೇಗೂ ಹೋದ್ಲಂತೆ. ನಮ್ಮತ್ತೆ ಹತ್ರ ಕ್ಷಮೆ ಕೇಳಿದ್ದು ಇದೇ ಜಗುಲೀಲಿ; ನಾನು ಒಳಗೆ ಹೊಲೀತಾ ಇದ್ದೆ. ನನ್ ಹತ್ರಾನೂ ಏನಾದ್ರೂ ಹೇಳ್ತಾಳೆ ಅಂತ ಕಾದೆ. ಈ ಮದುವೆ ಆದಾಗಿಂದ ನನ್ ಮೇಲೆ ಏನೂ ಇರ್ಲಿಲ್ಲ ಅಂದ್ರೆ ಯಾರಾದ್ರೂ ನಂಬ್ತಾರಾ? ಉಂಡ್ಳು, ಮಗೀಗೆ ಮುತ್ತು ಕೊಟ್ಳು, ಬಸ್ಸಿಗೆ ಹೊತ್ತಾಯ್ತು ಅಂತ ಹೊರಟೇ ಹೋದ್ಳು. ನನ್ ಹತ್ರ ಮಾತ್ರ ಕ್ಷಮೆ ಕೇಳ್ಲಿಲ್ಲ. ಏನೂ ಇರ್ಲಿಲ್ಲ ಅಂತ ಕೇಳ್ಲಿಲ್ವೋ, ಇದ್ದದ್ದು ತೆಗೆಯೋಕೆ ಆಗ್ದೆ ಹೋಯ್ತೋ... ರಾತ್ರಿ ಮಲಗುದ್ರೆ ಅದೇ. ಮಿಷನ್ ತುಳೀತಾ ಇದ್ರೂ ಅದೇ." ಟೇಪನ್ನು ಬೆರಳಿಗೆ ಸುತ್ತಿಕೊಂಡಳು, ಬಿಡಿಸಿದಳು. "ನಿಮ್ಮನೇಗೂ ಬಂದಿದ್ಳಂತೆ, ಮಣ್ಣಿನ ದಿನ ಎಸ್ತೇರಕ್ಕ ಅಂದ್ರು. ನಿಮ್ಮ ಹತ್ರ ಕ್ಷಮೆ ಕೇಳೋವಂಥದ್ದು ಅವಳಿಗೇನಿತ್ತು ಅಣ್ಣ? ನಿಮ್ಮನ್ನ ಕಂಡ್ರೆ ಅವಳಿಗೆ ಗೌರವ." ಜಯಶೀಲ ಲೋಟವನ್ನು ಕೆಳಗಿಟ್ಟ. ಕೇಳಲು ಬಂದವನು ತಾನು. ತಾನು ಕೇಳಬೇಕಾದ ಪ್ರಶ್ನೆಯೇ ತಿರುಗಿ ತನ್ನ ಎದುರು ನಿಂತಿತ್ತು, ಅಳತೆಯ ಟೇಪು ಹಾಕಿಕೊಂಡು. ನಿಜ ಹೇಳಿದರೆ ಈಕೆಗೆ ಹೊಸ ತಾಯಿಯೊಬ್ಬಳು ಸಿಗುತ್ತಾಳೆ: ಗೌರವದ ಮಾತಾಡುತ್ತಲೇ ವರ್ಷಗಟ್ಟಲೆ ದ್ವೇಷವನ್ನು ಒಳಗಿಟ್ಟುಕೊಳ್ಳಬಲ್ಲವಳು. ಅವನ ವಿಷಯದಲ್ಲಿ ಹಾಗೆ ಇಟ್ಟುಕೊಂಡವಳು ಮಗಳ ವಿಷಯದಲ್ಲಿ ಇಟ್ಟುಕೊಳ್ಳಲಿಲ್ಲವೆಂದು ಹೇಗೆ ಹೇಳುವುದು? ಈ ಬಾಗಿಲಲ್ಲೂ ಒಂದು ಹೊರೆ ಇಳಿಯುತ್ತದೆ, ಈ ಸಲ ಇಳಿಸುವವನು ತಾನು. "ಹಾಡಿನ ವಿಷಯ ಮಾತಾಡಿದರೇನೋ..." ಎಂದು ಏನೋ ಒಂದು ಅಂದ, ಹೊತ್ತು ಸಿಗಲೆಂದು.

ಸುಗುಣಳ ಮುಖ ಅರಳಿತು. "ಹಾಡಾ? ಅವ್ವ ಮನೇಲಿ ಎಷ್ಟ್ ಹಾಡೋಳು ಗೊತ್ತಾ! ಪಾತ್ರೆ ತೊಳೆಯೋವಾಗ, ನನ್ ಮಗೀನ ಮಲಗಿಸೋವಾಗ. ಎಳೆದೂ ಎಳೆದೂ ಹಾಡೋಳು, ಪದ ಮುಗುದ್ರೂ ಅವಳ ರಾಗ ಮುಗೀತಿರ್ಲಿಲ್ಲ. ಚರ್ಚಲ್ಲಿ ಮಾತ್ರ ದನಿ ಬಿಡ್ತಿರ್ಲಿಲ್ಲ. ಯಾಕವ್ವ ಅಂದ್ರೆ, 'ಅಲ್ಲಿ ಬಾಯಾಡಿಸುದ್ರೆ ಸಾಕು ಕಣವ್ವ' ಅನ್ನೋಳು. ಅಂದು ನಗೋಳು." ಜಯಶೀಲನ ಕಿವಿಯಲ್ಲಿ ಏನೋ ಸಣ್ಣಗೆ ಗುಂಯ್ ಎಂದಿತು. ಕ್ರಿಸ್ಮಸ್ ಹಾಡುಗಳ ಅಭ್ಯಾಸ, ಹೊಸ ಕೀಬೋರ್ಡ್ ಬಂದ ವರ್ಷ. ಕೀಬೋರ್ಡಿನಲ್ಲಿ ತಾಳ ತಾನಾಗಿ ಬಡಿಯುತ್ತಿತ್ತು, ತಪ್ಪುವ ಪ್ರಶ್ನೆಯೇ ಇರಲಿಲ್ಲ; ತಪ್ಪಿದ್ದು ಎದ್ದು ಕಾಣುತ್ತಿತ್ತು. ಎಲ್ಲರೂ ಸಾಲು ಮುಗಿಸಿದ ಮೇಲೆ ಕಿಟಕಿಯ ಕಡೆಯಿಂದ ಒಂದು ಹೆಂಗಸಿನ ಧ್ವನಿ ಕೊನೆಯ ಅಕ್ಷರವನ್ನು ಎಳೆಯುತ್ತ ಹಿಂದೆ ಉಳಿಯುತ್ತಿತ್ತು. ಎರಡು ಸಲ ನಿಲ್ಲಿಸಿ ಮತ್ತೆ ಶುರುಮಾಡಿದ. ಮೂರನೆಯ ಸಲ ಕೀಬೋರ್ಡಿನಿಂದ ತಲೆಯೆತ್ತದೆಯೇ, ಸಿಟ್ಟಿನಿಂದಲೂ ಅಲ್ಲ, ಒಂದು ಉಪಕರಣವನ್ನು ಸರಿಪಡಿಸುವ ಹಾಗೆ ಅಂದ: "ರಾಹೇಲಮ್ಮ, ನೀವು ಬಾಯಿ ಆಡಿಸಿ ಸಾಕು, ಧ್ವನಿ ಬೇಡ." ಹಾಡುವ ಹುಡುಗಿಯರು ಕಿಸಕ್ಕೆಂದರು. ಅವನೂ ಸ್ವಲ್ಪ ನಕ್ಕಿರಬೇಕು. ಆಮೇಲೆ ತಾಳ ಸರಿಹೋಯಿತು. ಅಂದಿನಿಂದ ಪ್ರತಿ ಆದಿತ್ಯವಾರ ಆಕೆಯ ತುಟಿಗಳು ಎಲ್ಲರ ಜೊತೆ, ಒಂದಿಷ್ಟೂ ಹಿಂದೆ ಬೀಳದೆ, ಆಡುತ್ತಿದ್ದವು. ಎದುರಿನಿಂದ ಅದನ್ನು ನೋಡುತ್ತ, ಈಗ ಕಲಿತುಕೊಂಡರು ಎಂದು ಅವನು ಸಂತೋಷಪಟ್ಟಿದ್ದ. ಅವನ ನಡುಮನೆಯಲ್ಲಿ ನಿಂತಾಗಲೂ ಆ ತುಟಿಗಳು ಮೊದಲು ಹಾಗೆಯೇ ಆಡಿದ್ದವು. ಪ್ರಾರ್ಥನೆಯೆಂದು ತಿಳಿದು ತಾನು ತಲೆ ಬಾಗಿಸಿದ್ದ.

ಕಣ ಎಷ್ಟು ಸಣ್ಣದು, ಎಷ್ಟು ಹೊಳಪಿನದು. "ಅಣ್ಣ?" ಎಂದಳು ಸುಗುಣ. ಈಗ ಹೇಳಿಬಿಡಬಹುದಿತ್ತು, ಈಗ ಕಾರಣವೂ ಗೊತ್ತು, ತಪ್ಪು ತನ್ನದೇ, ಕ್ಷಮೆ ಕೇಳುವುದಕ್ಕೆ ಬೇಕಾದದ್ದೆಲ್ಲ ಕೈಯಲ್ಲಿದೆ. ನಿನ್ನ ತಾಯಿಯ ಧ್ವನಿಯನ್ನು ನಾನು ಕಿತ್ತುಕೊಂಡೆ, ಅದಕ್ಕೆ ಆಕೆ ನನ್ನನ್ನು ದ್ವೇಷಿಸಿದಳು. ಒಂದೇ ವಾಕ್ಯ, ತಾನು ಹಗುರಾಗುತ್ತಿದ್ದ. ಆಕೆ ಬಾಗಿಲಿಗೆ ಒರಗಿ ಕಾಯುತ್ತಿದ್ದಳು, ತನಗಾಗಿ ತಾಯಿ ಒಂದು ಮಾತನ್ನಾದರೂ ಬಿಟ್ಟುಹೋಗಿರಬಹುದೆಂದು. "ಕ್ಷಮೆ ಕೇಳೋಕೆ ಬಂದದ್ದಲ್ಲಮ್ಮ," ಎಂದ ಜಯಶೀಲ. ಧ್ವನಿ ತನ್ನದೇ ಎಂದು ಅವನಿಗೆ ಅನಿಸಲಿಲ್ಲ. "ನನ್ನ ಮೇಲೆ ಅವರಿಗೇನಿರುತ್ತೆ? ನಮ್ಮ ಜೊತೆ ಪ್ರಾರ್ಥನೆ ಮಾಡಿ ಹೋಗೋಣ ಅಂತ ಬಂದಿದ್ದರು. ನಿಮ್ಮ ಮಾತೂ ಬಂತು. ಎಲ್ಲರ ಮನೆಗೂ ಹೋಗಬೇಕಾಗಿದೆ, ಸುಗುಣನ ಮನೆಗೆ ಮಾತ್ರ ಆ ಕೆಲಸಕ್ಕೆ ಹೋಗಬೇಕಾಗಿಲ್ಲ ಅಂದರು. ಮಗಳ ಮೇಲೆ ಏನೂ ಇಲ್ಲ, ಯಾವತ್ತೂ ಇರಲಿ‌ಲ್ಲ ಅಂದರು." ನೋಡದೆ 'ಇಲ್ಲ' ಎಂದು ಬರೆದದ್ದು ಅವನ ಬದುಕಿನಲ್ಲಿ ಅದೇ ಮೊದಲು. ಸುಗುಣ ಟೇಪಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಚೌಕಟ್ಟಿನ ಬುಡದಲ್ಲಿ ಕುಸಿದು ಕೂತಳು, ಬಿಕ್ಕಿದಳು. ಹಿತ್ತಲಿನಿಂದ ಓಡಿ ಬಂದ ಚಿಕ್ಕನಿಂಗಮ್ಮ ಸೊಸೆಯ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಅವನತ್ತ ಕಣ್ಣು ಬಿಟ್ಟಳು. "ಏನಂದ್ರಿ ಸಾ ನನ್ ಸೊಸೆಗೆ?" "ಏನೂ ಅನ್ಲಿಲ್ಲ ಅತ್ತೆ," ಎಂದಳು ಸುಗುಣ, ಅಳುತ್ತಲೇ ನಗುತ್ತ. "ಅವ್ವ ಹೇಳ್ಕಳ್ಸಿದ್ಲು. ಬತ್ತೀನಿ ಅಣ್ಣ, ಕೂಟಕ್ಕೆ. ಈ ಬಸ್ಸಿಗೇ ಬತ್ತೀನಿ."

ಸಂಜೆ ಚರ್ಚು ತುಂಬಿತ್ತು. ಒಳಗೆ ಜಾಗ ಸಾಲದೆ ಬೇವಿನ ಮರದವರೆಗೆ ಜಮಖಾನೆ ಹಾಸಿದ್ದರು. ಸುಗುಣ ಯಾರನ್ನೂ ಕೇಳದೆ ನೇರವಾಗಿ ಹೋಗಿ ಕಿಟಕಿಯ ಪಕ್ಕದ ಬೆಂಚಿನಲ್ಲಿ, ತಾಯಿಯ ಜಾಗದಲ್ಲಿ ಕೂತಳು. ಕಮಿಟಿಯ ಒಬ್ಬ ಹಿರಿಯರು ಎದ್ದು ಹೋಗಿ ಆಕೆಯ ತಲೆಯ ಮೇಲೆ ಕೈಯಿಟ್ಟರು. ಕೀಬೋರ್ಡಿನ ಹಿಂದಿನಿಂದ ಜಯಶೀಲನಿಗೆ ಎಲ್ಲರೂ ಕಾಣುತ್ತಿದ್ದರು, ಎಲ್ಲರಿಗೂ ಅವನು. ಅಯ್ಯನವರು ರಾಹೇಲಮ್ಮನ ಬಗ್ಗೆ ಮಾತಾಡಿದರು, ಬೈಬಲಿನಲ್ಲಿ ಒಣ ಎಲುಬುಗಳಿಗೆ ಉಸಿರು ಬಂದ ಕಥೆ ಹೇಳಿದರು. ಮಾತು ನಿಲ್ಲಿಸಿ ಕಣ್ಣು ಮುಚ್ಚಿ ನಿಂತರು. ಆಮೇಲೆ ಮೆಲ್ಲಗೆ ಹೇಳಿದರು: "ಎಲ್ಲರ ಜೊತೆ ಸರಿಪಡಿಸಿಕೊಂಡವರು ಎದ್ದು ನಿಲ್ಲಿ. ಒಳಗೆ ಒಂದು ಸಣ್ಣ ಕಲ್ಲು ಉಳಿದಿದ್ದರೂ ಕೂತೇ ಇರಿ, ನಾಚಿಕೆ ಬೇಡ, ನಾವು ಕಾಯುತ್ತೇವೆ." ಬೆಂಚುಗಳು ಕಿರುಗುಟ್ಟಿದವು. ಅಲ್ಲೊಬ್ಬರು ಇಲ್ಲೊಬ್ಬರು, ಆಮೇಲೆ ಸಾಲಾಗಿ, ಎದ್ದರು. ಎಸ್ತೇರ ಎದ್ದಳು. ಹೊರಗಿನ ಜಮಖಾನೆಯವರೂ ಎದ್ದರು. ಉಳಿದವರು ಇಬ್ಬರೇ. ಸುಗುಣ ಎದ್ದಿರಲಿಲ್ಲ; ಮಡಿಲಲ್ಲಿ ಕೈಯಿಟ್ಟುಕೊಂಡು ಜಯಶೀಲನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಂಶಯವಿರಲಿಲ್ಲ, ಇನ್ನೂ ಇರಲಿಲ್ಲ. ಅಣ್ಣ ಯಾಕೆ ಕೂತಿದ್ದಾರೆ ಎಂಬ ಸಣ್ಣ ಆಶ್ಚರ್ಯ ಮಾತ್ರ. ಆ ಆಶ್ಚರ್ಯ ಬೆಳೆದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವನಿಗೆ ಗೊತ್ತಿತ್ತು. ಕೂತೇ ಇರುವುದು ನಿಜ. ಈ ಕಟ್ಟಡದಲ್ಲಿ, ಈ ಸಂಜೆ, ತಾನು ದೇವರ ಎದುರು ಹೇಳಬಹುದಾದ ಒಂದೇ ನಿಜ. ಗಾಜಿನ ಕೆಳಗೆ ನಿಂತಲ್ಲೇ ನಡುಗುವ ಆ ಕಣ ಈಗ ತಾನೇ.

ಜಯಶೀಲ ಎದ್ದು ನಿಂತ.

ಸುಗುಣಳೂ ಎದ್ದಳು. ಅಯ್ಯನವರು ಕಣ್ಣು ತೆರೆದು ಇಡೀ ಸಭೆ ನಿಂತಿರುವುದನ್ನು ಕಂಡು ಸ್ತೋತ್ರ ಎಂದರು. ಎಲ್ಲಿಂದಲೋ ಒಂದು ಅಳು ಎದ್ದಿತು, ಇನ್ನೊಂದು ಅದಕ್ಕೆ ಸೇರಿತು. ಯಾರೋ ಹೊರಗೆ ಮಣ್ಣಿನ ಮೇಲೆ ಮಂಡಿಯೂರಿದರು. ಪಕ್ಕದವರ ಕೈಯನ್ನು ಹುಡುಕಿ ಹಿಡಿದುಕೊಂಡ ಕೈಗಳು ಬಾಗಿಲಿನಿಂದ ಬಾಗಿಲಿಗೆ ಒಂದು ಸರಪಳಿಯಾದವು. ಇಷ್ಟು ದಿನ ಇವರೆಲ್ಲ ಕಾದದ್ದು ಬಂದಿತ್ತು. ಅದು ಬಂದಿತ್ತು ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ, ಗಾಜಿನ ಕೆಳಗೆ ಕಂಡಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು. ತಡೆ ತಾನು, ತನ್ನನ್ನು ಸುತ್ತಿ ಬಳಸಿಕೊಂಡು ಅದು ಹರಿಯುತ್ತಿತ್ತು. ಕೀಬೋರ್ಡಿಗೆ ಕಾಯದೆ ಯಾರೋ ಹಾಡು ಎತ್ತಿದರು. ತಾಳವಿರಲಿಲ್ಲ. ಅವನು ಬೆರಳುಗಳನ್ನು ಕೀಗಳ ಮೇಲೆ ಇಡಲಿಲ್ಲ. ಮೊದಲ ಸಾಲು ಮುಗಿಯಿತು. ಎಲ್ಲರೂ ಉಸಿರೆಳೆದುಕೊಳ್ಳುವ ಆ ಸಂದಿನಲ್ಲಿ, ಕಿಟಕಿಯ ಕಡೆಯಿಂದ, ಒಂದು ಹೆಂಗಸಿನ ಧ್ವನಿ ಕೊನೆಯ ಅಕ್ಷರವನ್ನು ಎಳೆಯುತ್ತ ಹಿಂದೆ ಉಳಿಯಿತು. ಎಸ್ತೇರ ಬೆಚ್ಚಿ ಅತ್ತ ತಿರುಗಿದಳು. ಜಯಶೀಲ ತಿರುಗಲಿಲ್ಲ. ಎರಡನೆಯ ಸಾಲಿಗೆ ಅವನೂ ಎಲ್ಲರ ಜೊತೆ ಬಾಯಿ ತೆರೆದ. ತುಟಿಗಳು ಆಡಿದವು, ಒಂದು ಪದವನ್ನೂ ಬಿಡದೆ, ಒಂದಿಷ್ಟೂ ಹಿಂದೆ ಬೀಳದೆ. ಧ್ವನಿ ಬಿಡಲಿಲ್ಲ. ಸಾಲಿನ ಕೊನೆಗೆ ಬಂದು ತುಟಿ ಮುಚ್ಚಿ, ಆ ಎಳೆದ ಅಕ್ಷರ ಮುಗಿಯುವವರೆಗೂ ಕಾಯುತ್ತ ನಿಂತ.